ಸವೆದ ಧೂಳಿಗೆ ಸಹಿ ಹಾಕದವರು

ಚಂದ್ರನ ನೆಲದಲ್ಲಿ ದೂರದರ್ಶಕ ನಿಲ್ಲಿಸುವ ವಿದ್ಯೆಯಲ್ಲಿ ಕನ್ನಡಿ ಮಾಡಿದವರಿಗೆ ಕೀರ್ತಿ ಬಂತು, ಕಾಲು ಮಾಡಿದವರಿಗೆ ಬಹುಮಾನ ಬಂತು; ಅಲ್ಲಿನ ಧೂಳಿನೊಡನೆ ಮೂವತ್ತೊಂದು ವರ್ಷ ಗುದ್ದಾಡಿ ಇಂದು ನಿವೃತ್ತರಾಗುತ್ತಿರುವ ಈ ಮಾನ್ಯ ಎಂಜಿನಿಯರರಿಗೆ ದಕ್ಕಿದ್ದು ‘ಧೂಳಮ್ಮ’ ಎಂಬ ಅಡ್ಡಹೆಸರು ಮಾತ್ರ. ಈ ಅಭಿನಂದನ ಗ್ರಂಥಕ್ಕೆ ಅವರನ್ನು ಹೊಗಳಿ ಬರೆಯಬೇಕೆಂದು ಸಂಪಾದಕರ ಅಪ್ಪಣೆ. ಹೊಗಳುವ ಮೊದಲು ಬೈಯಬೇಕಾದವರು ಇಲ್ಲೇ ಇದ್ದಾರೆ.

ಸೇರಿದ ಹೊಸತರಲ್ಲಿ ಅವರಿಗೆ ಕೊಟ್ಟ ಕೆಲಸ ಕಲ್ಲು ಕುಟ್ಟುವುದು. ಗಾಳಿ ನೀರುಗಳಿಲ್ಲದ ಚಂದ್ರನಲ್ಲಿ ಧೂಳಿನ ಕಣ ಸವೆಯದೆ ಒಡೆದ ಗಾಜಿನಂತೆ ಚೂಪಾಗಿಯೇ ಉಳಿದು, ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ. ಕಲ್ಲು ಕುಟ್ಟಿ ಅಂಥದ್ದೇ ಧೂಳು ಮಾಡಿ, ಗಾಳಿ ತೆಗೆದ ಕೋಣೆಯಲ್ಲಿ ಉದುರಿಸಿ, ದೂರದರ್ಶಕದ ಮುಚ್ಚಳವನ್ನು ಸಾವಿರ ಸಲ ತೆರೆದು ಮುಚ್ಚುವ ಪರೀಕ್ಷೆ ಅವರು ಕಟ್ಟಿದ್ದು. ಒಮ್ಮೆ ಕೆಮ್ಮುತ್ತಿದ್ದ ಸಹಾಯಕಿಗೆ ತಮ್ಮ ಮುಖಗವಸು ಬಿಚ್ಚಿ ಕಟ್ಟಿ, ವಾರವಿಡೀ ತಾವು ಕೆಮ್ಮಿದರು.

ಮೊದಲ ದೂರದರ್ಶಕದ ಮುಚ್ಚಳ ಸಲೀಸಾಗಿ ಪಾಸಾಯಿತು. ಎಲ್ಲರೂ ಚಪ್ಪಾಳೆ ತಟ್ಟುವಾಗ ಇವರು ಧೂಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕಣಗಳೆಲ್ಲ ಗುಂಡಗಾಗಿದ್ದವು. ಪರೀಕ್ಷೆ ನಡೆಸಿದವರು ಅವಸರದಲ್ಲಿ ಅದನ್ನೇ ಗುಡಿಸಿ ಗುಡಿಸಿ ಮತ್ತೆ ಸುರಿದಿದ್ದರು. ಸವೆದದ್ದು ಮುಚ್ಚಳದ ಕೀಲಲ್ಲ, ಧೂಳು!

“ಹೊಸದಾಗಿ ಕುಟ್ಟಿ ಇನ್ನೊಂದ್ಸಲ ಮಾಡ್ಬೇಕು ಸಾರ್,” ಎಂದರು.

“ಅಯ್ಯೋ, ಧೂಳಲ್ಲೂ ಹಳೇದು ಹೊಸದು ಇರುತ್ತೇನಮ್ಮಾ? ಸಹಿ ಹಾಕಿ, ಸಾಕು,” ಎಂದು ಅಂದಿನ ಮುಖ್ಯಸ್ಥರು ನಕ್ಕರು.

ಇವರು ಹಾಕಲಿಲ್ಲ, ಪಕ್ಕದ ಮೇಜಿನವರು ಹಾಕಿದರು. ಇವರನ್ನು ಉಗ್ರಾಣಕ್ಕೆ ಅಟ್ಟಿದರು. ಚಂದ್ರನ ಮೇಲೆ ಮುಚ್ಚಳ ಹನ್ನೊಂದು ಸಲ ತೆರೆದು, ಹನ್ನೆರಡನೆಯದಕ್ಕೆ ಕಚ್ಚಿಕೊಂಡಿತು. ಕೆಟ್ಟ ಮೇಲೆ ಬುದ್ಧಿ ಬಂತೆನ್ನುವ ಹಾಗೆ ಇವರನ್ನು ಮರಳಿ ಕರೆದರು. ‘ತಪ್ಪಾಯಿತು’ ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ. ನಾಚಿಕೆಯಾಗಬೇಕು!

ಹೋದ ವಾರ, ಎರಡನೆಯ ದೂರದರ್ಶಕದ ಪರೀಕ್ಷಾ ವರದಿ ಬೀಳ್ಕೊಡುಗೆಯ ಹೂಗುಚ್ಛದ ಜೊತೆಗೇ ಅವರ ಮೇಜಿಗೆ ಬಂತು.

“ಧೂಳು ಯಾವಾಗ ಕುಟ್ಟಿದ್ದು?” ಎಂದು ಕೇಳಿದರು.

ಇಂದಿನ ಮುಖ್ಯಸ್ಥರು, ಅಂದು ಸಹಿ ಹಾಕಿದ ಆ ಪಕ್ಕದ ಮೇಜಿನವರೇ, ಕಿಟಕಿಯ ಕಡೆ ನೋಡಿದರು. “ಹೋಗೋ ಹೊತ್ತಲ್ಲಿ ಯಾಕೆ ಮೇಡಂ ರಗಳೆ? ಗೌರವವಾಗಿ ಹೋಗಿ.”

“ಗೌರವ ನೀವೇ ಇಟ್ಕೊಳ್ಳಿ. ನಂಗೆ ಕಲ್ಲು ಕೊಡಿ.”

ಸೇವೆಯ ಕೊನೆಯ ಮೂರು ದಿನ ಅವರೇ ನಿಂತು ಕುಟ್ಟಿದರು. ಹೊಸ ಧೂಳಿನಲ್ಲಿ ಮುಚ್ಚಳ ಹದಿನಾಲ್ಕನೆಯ ಸಲಕ್ಕೇ ಕಚ್ಚಿಕೊಂಡಿತು. ಪುಣ್ಯಕ್ಕೆ ಈ ಸಲ ಭೂಮಿಯ ಮೇಲೆ, ಸ್ಪ್ಯಾನರ್ ಎಟುಕುವಷ್ಟು ಹತ್ತಿರದಲ್ಲಿ.

ಮಾನ್ಯರು ನೂರು ಕಾಲ ಬಾಳಲಿ, ಅವರ ಕೈಗಳಿಗೆ ಕೆಲಸ ತಪ್ಪದಿರಲಿ. ಆದರೆ ಕಚ್ಚಿಕೊಂಡ ಆ ಕೀಲನ್ನು ಇನ್ನೂ ಯಾರೂ ಬಿಚ್ಚಿಲ್ಲ, ಮತ್ತು ಸೋಮವಾರದಿಂದ ಅವರ ಗೇಟ್ ಪಾಸ್ ರದ್ದಂತೆ. ಸಂಸ್ಥೆಗೆ ಕಿಂಚಿತ್ತಾದರೂ ಮಾನವಿದ್ದರೆ ಈ ಗ್ರಂಥವನ್ನು ತಾನೇ ಇಟ್ಟುಕೊಂಡು, ಅವರ ಕೈಗೆ ಆ ಪಾಸ್ ಕೊಡಲಿ.