ಕಳಸದ ಬಸ್ಸಿನಲ್ಲಿ ಎರಡು ಬಿಳಿ ಇಲಿಗಳು

ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ನವೆಂಬರಿನ ಒಂದು ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಕಳಸದ ಬಸ್ಸು ಹತ್ತಿದೆ. ಪಕ್ಕದಲ್ಲಿ ನನಗೆ ಪರಿಚಯದ ಪ್ರಾಣಿಶಾಸ್ತ್ರದ ಸಂಶೋಧಕಿ ಸುಮಿತ್ರಾ ಕುಳಿತಿದ್ದರು. ಅವರ ಕಾಲ ಬಳಿ ಒಂದರ ಮೇಲೊಂದು ಇಟ್ಟ ಎರಡು ಪಂಜರ, ಒಂದೊಂದರಲ್ಲಿ ಒಂದು ಬಿಳಿ ಇಲಿ. ಪ್ರಯೋಗ ಮುಗಿದಿತ್ತು. ಉಳಿದ ಈ ಎರಡನ್ನು ಕಳಸದ ಅಕ್ಕನ ಮನೆಯಲ್ಲಿ ಸಾಕಲು ಅನುಮತಿ ಪಡೆದು ಒಯ್ಯುತ್ತಿದ್ದರು.

"ಇವಕ್ಕೆ ಫುಲ್ಲೋ ಹಾಫೋ ಮೇಡಂ?" ಎಂದ ಕಂಡಕ್ಟರ್, ಕೊನೆಗೆ ಲಗೇಜ್ ಚೀಟಿ ಹರಿದುಕೊಟ್ಟರು.

ವಸ್ತಾರೆ ದಾಟುವಾಗ ಸುಮಿತ್ರಾ ವಿವರಿಸಿದರು. ಒಂದನ್ನು ಮರಿಯಾಗಿದ್ದಾಗ ದಿನವೂ ಕೆಲವು ನಿಮಿಷ ತಾಯಿಯಿಂದ ಎತ್ತಿ, ಕೈಯಲ್ಲಿ ಹಿಡಿದು, ಮತ್ತೆ ಗೂಡಿಗೆ ಬಿಟ್ಟಿದ್ದರು. ಇನ್ನೊಂದನ್ನು ಮುಟ್ಟಿರಲಿಲ್ಲ. ದೊಡ್ಡದಾದ ಮೇಲೆ ಹೊಸ ಜಾಗಕ್ಕೆ ಬಿಟ್ಟರೆ ಮೊದಲನೆಯದು ಬೇಗ ಸುಧಾರಿಸಿಕೊಳ್ಳುತ್ತದೆ. ಎರಡನೆಯದರ ಗಾಬರಿ ಬೇಗ ಇಳಿಯುವುದಿಲ್ಲ. ಇದು ಕೈಯ ಗುಣವೋ, ಮರಳಿ ಬಂದ ಮರಿಯನ್ನು ತಾಯಿ ಹೆಚ್ಚು ನೆಕ್ಕುವುದರ ಗುಣವೋ ಎಂಬ ವಾದ ಇನ್ನೂ ಮುಗಿದಿಲ್ಲ ಎಂದರು. ಎರಡನೆಯದು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ದಾರಿಯಲ್ಲೇ ಸತ್ತುಹೋದೀತೆಂಬ ಚಿಂತೆ ಅವರಿಗಿತ್ತು.

ಮೂಡಿಗೆರೆಯಿಂದ ಮುಂದೆ ಬಸ್ಸು ಗುಂಡಿಗೆ ಇಳಿದಾಗ ಪಂಜರಗಳು ಉರುಳಿ ಬಾಗಿಲು ತೆರೆದವು. ಮೊದಲನೆಯ ಇಲಿ ಸೀರೆ ಹಿಡಿದು ಸುಮಿತ್ರಾ ಅವರ ತೊಡೆಗೆ ಹತ್ತಿತು. ಇನ್ನೊಂದು ಹಿಂದಿನ ಸೀಟಿನಡಿ ನುಗ್ಗಿ ಮೂಲೆಗೆ ಅಂಟಿಕೊಂಡಿತು.

"ಕೊಡೇಲಿ ತಿವಿದ್ರೆ ತಾನಾಗೇ ಬರುತ್ತೆ ಮಾರಾಯ್ರೆ," ಎಂದು ಹಿರಿಯರೊಬ್ಬರು ಎದ್ದರು.

"ಬೇಡ. ಹೆದರಿಸಿದ್ರೆ ಇನ್ನೂ ಒಳಗೆ ಹೋಗುತ್ತೆ," ಎಂದರು ಸುಮಿತ್ರಾ.

ಕೊಟ್ಟಿಗೆಹಾರದಲ್ಲಿ ಹೇಗೂ ಟೀಗೆ ನಿಲ್ಲಿಸುತ್ತೇವೆ, ಅಷ್ಟರೊಳಗೆ ಸಿಕ್ಕರೆ ಸರಿ, ಅದಕ್ಕಿಂತ ಹೆಚ್ಚು ಕಾಯಲಾಗದು ಎಂದರು ಕಂಡಕ್ಟರ್.

ಕೊಟ್ಟಿಗೆಹಾರದಲ್ಲಿ ಮಂಜು, ಚಳಿಗಾಳಿ. ಎಲ್ಲರೂ ಇಳಿದು ನೀರ್ ದೋಸೆ ತಿಂದೆವು. ಸುಮಿತ್ರಾ ಮಾತ್ರ ಒಳಗೇ ಉಳಿದರು. ಆ ಇಲಿಯದೇ ವಾಸನೆ ಹಿಡಿದ ಹಳೆಯ ಹೊಟ್ಟು ತುಂಬಿದ ಪಂಜರವನ್ನು ಸೀಟಿನ ಬಳಿ ತೆರೆದಿಟ್ಟು, ದೂರ ಕುಳಿತರು. ಕೊಡೆಯ ಹಿರಿಯರು ಎರಡು ಸಲ ಬಂದು ಕಿಟಕಿಯಲ್ಲಿ ಇಣುಕಿದರು.

ಹೊರಡುವ ಹೊತ್ತಾಯಿತು. ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟರು. ಒಳಗೆ ನೋಡಿ, ಕೆಳಗಿಳಿಸಿದರು. ಡ್ರೈವರ್ ಏನೋ ಗೊಣಗಿದರು. ಬಸ್ಸು ನಿಂತೇ ಇತ್ತು.

"ಬಂತು," ಎಂದರು ಸುಮಿತ್ರಾ, ಪಂಜರ ಮುಚ್ಚುತ್ತ. "ನಾನು ಮುಟ್ಟಿಲ್ಲ."

ಅಲ್ಲಿಂದ ಕಳಸದವರೆಗೆ ಕಂಡಕ್ಟರ್ ಸೀಟಿ ಊದಲಿಲ್ಲ. ಪ್ರತಿ ನಿಲ್ದಾಣದಲ್ಲೂ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿದರು.

ಮರುದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಮರಳಿದೆ. ಸುಮಿತ್ರಾ ನನ್ನನ್ನು ಕಳಿಸಲು ಬಂದಿದ್ದರು.

"ತಿಂತಾ ಮೇಡಂ?" ಕಂಡಕ್ಟರ್ ಬಾಗಿಲಲ್ಲೇ ಕೇಳಿದರು.

"ಅರ್ಧ ಕ್ಯಾರೆಟ್. ನಾವೆಲ್ಲ ಮಲಗಿದ ಮೇಲೆ."

"ಮುಟ್ಟಿಸ್ಕೊಳ್ತಾ?"

"ಇಲ್ಲ."

"ಇರ್ಲಿ ಬಿಡಿ. ತಿಂತಲ್ಲ."

ಅಂದು ಬಸ್ಸಿನಲ್ಲಿ ಇಲಿಗಳಿರಲಿಲ್ಲ. ಅವರು ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದರು.