ಉಪ್ಪಿನ ವ್ಯಾಪಾರಿಯ ನಿಲುವಂಗಿ

ಜಲಜಕ್ಕ ಮನುಷ್ಯರ ಮುಖ ನೋಡುವ ಮೊದಲು ಅವರ ಮೈಮೇಲಿನ ಬಟ್ಟೆ ನೋಡುತ್ತಿದ್ದಳು. ವಂಡ್ಸೆಯ ಬಸ್ ಸ್ಟಾಪಿನ ಎದುರೇ ಅವಳ ಮನೆ. ಮುಂದಿನ ಕೋಣೆ ಹೊಲಿಗೆ ಅಂಗಡಿ. ಕೊಲ್ಲೂರಿನ ಬಸ್ಸಿಂದ ಯಾರಾದರೂ ಇಳಿದರೆ ಸಾಕು, ಮಿಷನ್ನಿನ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿ, "ಆ ಹೆಂಗ್ಸಿನ ರವ್ಕಿ ಬೆನ್ನ್ ಕಾಣ್, ಎಡದ್ ಬದಿ ಮೇಲ್ ಹೋಯಿತ್ತ್. ಹೊಲ್ದವ್ರಿಗೆ ಕಣ್ಣಿಲ್ಯಾ?" ಎನ್ನುತ್ತಿದ್ದಳು. ಆ ಹೆಂಗಸು ಅವಳ ಸ್ವಂತ ಅತ್ತಿಗೆಯೇ ಆಗಿದ್ದರೂ ಗುರುತು ಹತ್ತುತ್ತಿದ್ದದ್ದು ಆಮೇಲೆ.

ನಾನು ಅವಳ ಹತ್ತಿರ ಹೊಲಿಗೆ ಕಲಿಯಲು ಹೋದದ್ದು ಡಿಗ್ರಿ ಮೊದಲ ವರ್ಷದ ಪರೀಕ್ಷೆ ಮುಗಿಸಿ. ಓದು ಮುಗಿಯುವ ತನಕ ಮನೆಯಲ್ಲಿ ಮದುವೆಯ ಸುದ್ದಿ ಎತ್ತಬಾರದು ಎಂದು ಊಟ ಬಿಟ್ಟು ಕೂತು ಅಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಅಮ್ಮನೇನೋ ಒಪ್ಪಿದ್ದಳು, ಆದರೆ ಅವಳ ಮುಖ ನೋಡಿದರೆ ನನಗೆ ನಂಬಿಕೆ ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಬಾಯಿ ಬಿಗಿದುಕೊಂಡೇ ಇರುತ್ತಿದ್ದೆ. ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿದ್ದದ್ದು ಜಲಜಕ್ಕನ ಮುಂದೆ, ಹುಕ್ಕು ಹಚ್ಚುತ್ತಾ ಕೂತಾಗ ಮಾತ್ರ.

ಕೆಲಸದಲ್ಲಿ ಅವಳು ಬಲು ಖಡಕ್ಕು. ಅಳತೆಗೆ ಹಳೆಯ ರವಿಕೆ ತಾರದ ಗಿರಾಕಿಯನ್ನು ಮನೆಗೆ ವಾಪಸ್ ಅಟ್ಟುತ್ತಿದ್ದಳು. "ಟೇಪ್ ಹಿಡ್ದ್ ಕೂಡ್ಲೆ ಎಲ್ರೂ ಉಸ್ರ್ ಬಿಗಿ ಹಿಡಿತ್ರ್. ಆ ಅಳತಿಗ್ ಹೊಲ್ದ್ರೆ ಊಟ ಮಾಡುಕಾಗ" ಎಂಬುದು ಅವಳ ವಾದ. ನನ್ನ ಹೊಲಿಗೆ ಒಂದಿಷ್ಟು ಸುಕ್ಕಾದರೂ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಆದರೆ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳೇ ಬೇರೆ. ಒಳಕೋಣೆಯಲ್ಲಿ ಟಿವಿ ಹಚ್ಚಿ ಚಾಪೆ ಹಾಸಿ, "ಬಾ ಹೆಣೆ, ನಮ್ ಗಂಡ್ ಕುದ್ರಿ ಹತ್ತಿ ಕೂಕಂಡಿದ" ಎಂದು ಕರೆಯುತ್ತಿದ್ದಳು.

'ನಮ್ಮ ಗಂಡು' ಎಂದರೆ ವಿಡಿಯೋ ಗೇಮಿನೊಳಗಿನ ಅಲೆಮಾರಿ. ಮುಂಬೈ ಹೋಟೆಲಿನಲ್ಲಿದ್ದ ಅವಳ ತಮ್ಮ ಒಂದು ರಜೆಯಲ್ಲಿ ಟಿವಿಗೆ ಜೋಡಿಸುವ ಆ ಪೆಟ್ಟಿಗೆ ತಂದವನು ಇಲ್ಲೇ ಬಿಟ್ಟು ಹೋಗಿದ್ದ. ಅದರಲ್ಲಿ ಆ ಗಂಡು ಗುಡ್ಡ, ಹೊಳೆ, ಕಾಡು ಎಲ್ಲಿ ಬೇಕಾದರೂ ಅಲೆಯಬಹುದಿತ್ತು. ಸಮುದ್ರದಂಚಿನ ಒಂದು ಕೋಟೆಯೊಳಗೆ ಮಾತ್ರ ಹೋಗುವಂತಿರಲಿಲ್ಲ. ಬಾಗಿಲಲ್ಲೇ ಕಾವಲುಗಾರರು ಕುತ್ತಿಗೆ ಹಿಡಿದು ದೂಡುತ್ತಿದ್ದರು. ಒಳಗೆ ಬಿಡುತ್ತಿದ್ದದ್ದು ಉದ್ದ ನಿಲುವಂಗಿ ತೊಟ್ಟ ಉಪ್ಪಿನ ವ್ಯಾಪಾರಿಗಳನ್ನು. ಅಂಥದ್ದೊಂದು ನಿಲುವಂಗಿ ಎಲ್ಲಿ ಸಿಗುತ್ತದೆ ಎಂದು ನಾವು ಆ ಲೋಕವನ್ನೆಲ್ಲ ಜಾಲಾಡಿದೆವು. ಜಲಜಕ್ಕನಿಗೆ ಇಂಗ್ಲಿಷ್ ಬಾರದು, ಪರದೆಯ ಮೇಲೆ ಮೂಡುವ ಅಕ್ಷರ ಓದುವುದು ನನ್ನ ಪಾಲು. ಅವನನ್ನು ನಡೆಸುವುದು ಸರದಿಯಂತೆ ಇಬ್ಬರದೂ, ಹುಡುಕುವ ಕಣ್ಣು ಅವಳದು.

ಕೊನೆಗೆ ಅದನ್ನು ಕಂಡುಹಿಡಿದವಳೂ ಅವಳೇ. ಹೊಳೆಯ ಬದಿ ಬಟ್ಟೆ ಒಗೆಯುವಲ್ಲಿ ಹಗ್ಗದ ಮೇಲೆ ಸಾಲಾಗಿ ಬಟ್ಟೆ ಒಣಗುತ್ತಿದ್ದವು. ನಾವು ಎಷ್ಟೋ ಸಲ ದಾಟಿ ಹೋದ ಜಾಗ. ಅವತ್ತು ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಆ ಸಾಲಂಗೆ ಒಂದ್ ಅಂಗಿ ಮಾತ್ರ ಗಾಳಿಗ್ ಆಡ್ತಿತ್ತ್ ಕಾಣ್. ಉಳ್ದದ್ದೆಲ್ಲ ಬರೀ ಚಿತ್ರ." ಹೌದು, ಅದೇ ನಿಲುವಂಗಿ. ತೊಟ್ಟುಕೊಂಡ ಕೂಡಲೇ ಅಕ್ಷರ ಮೂಡಿತು, ನಾನು ಓದಿ ಹೇಳಿದೆ: ಈ ವೇಷದಲ್ಲಿ ನಿಧಾನ ನಡೆಯಬೇಕು, ಓಡಿದರೆ ಕಾವಲುಗಾರರು ಗುರುತು ಹಿಡಿಯುತ್ತಾರೆ, ನಿಲುವಂಗಿ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಆ ಆಟದಲ್ಲಿ ಹಿಂದಕ್ಕೆ ಹೋಗಿ ಇನ್ನೊಮ್ಮೆ ಆಡುವ ಸೌಕರ್ಯ ಇರಲಿಲ್ಲ. ಪೆಟ್ಟಿಗೆ ಆರಿಸಿದರೂ ಆದದ್ದು ಆದ ಹಾಗೇ ಉಳಿಯುತ್ತಿತ್ತು.

"ಓಡುಕಾಗ ಹೆಣೆ" ಎಂದು ಜಲಜಕ್ಕ ನನಗೆ ಹತ್ತು ಸಲ ಹೇಳಿದಳು. "ಎಲ್ರೊಟ್ಟಿಗೆ ಸುಮ್ನೆ ನಡಿಕ್. ಅಂಗಿ ಒಳಗ್ ಬೇರೆ ಜನ ಇತ್ತ್ ಅಂದೇಳಿ ಯಾರಿಗೂ ಗೊತ್ತಾಪುಕಾಗ." ನಮ್ಮ ಗಂಡು ಬಾಗಿಲಿನ ತನಕ ಹೋಗಿ ವ್ಯಾಪಾರಿಗಳ ಸಾಲಿನಲ್ಲಿ ನಿಂತ. ಸರಿಯಾಗಿ ಆಗ ಕರೆಂಟು ಹೋಯಿತು. ಕತ್ತಲೆಯಲ್ಲಿ ಅವಳು ನನ್ನ ತಲೆ ಮೇಲೆ ಕೈಯಿಟ್ಟು, "ನಾಳೆ ಹೋಪ. ನೀ ಇಲ್ದೆ ನಾ ಒಬ್ಳೆ ಒಳಗ್ ಹೋಪ್ದಿಲ್ಲ, ಆಣೆ" ಎಂದಳು.

ಮರುದಿನ ಅಂಗಡಿಗೆ ಹೊಸ ಗಿರಾಕಿ ಬಂದರು. ಮಾಸಿದ ನೂಲಿನ ಸೀರೆ, ಸವೆದ ಚಪ್ಪಲಿ, ಕೈಯಲ್ಲಿ ಗಿಳಿಹಸಿರು ರವಿಕೆ ಕಣ. "ಇವ್ರ್ ಕೊಕ್ಕರ್ಣಿಯವ್ರ್, ಇಲ್ ನೆಂಟ್ರ ಮನಿಗ್ ಬಂದದ್" ಎಂದು ಪರಿಚಯಿಸಿದ ಜಲಜಕ್ಕ, ಅಳತೆಯ ರವಿಕೆ ಕೇಳಲೇ ಇಲ್ಲ. ಟೇಪನ್ನು ನನ್ನ ಕೊರಳಿಗೆ ಹಾಕಿ, "ಸುಮಾ, ಅಳತೆ ನೀನೇ ತಕೋ, ನೀನೇ ಹೊಲಿ" ಎಂದಳು. ಅಷ್ಟು ಕೈ ಕುದುರಿತೇ ನನ್ನದು ಎಂದು ಉಬ್ಬಿಹೋದೆ. ಎಂಥ ಪೆದ್ದಿ ನಾನು!

ಅವರು ತೋಳು ಬಿಗಿಯಾಯಿತು, ಕುತ್ತಿಗೆ ಇಳಿಯಿತು ಎಂದು ಆ ವಾರವಿಡೀ ಬಂದರು. ಬಂದವರು ನನ್ನ ಪಕ್ಕದ ಸ್ಟೂಲಿನಲ್ಲೇ ಕೂರುವುದು. ಪಾಪ, ಮಾತಿಗೆ ಜನ ಇಲ್ಲದವರು ಎಂದುಕೊಂಡೆ. ಮದುವೆ ಈಗ ಬೇಡ ಎಂದು ನಾನು ಬಾಯಿಬಿಟ್ಟ ಒಂದು ದಿನ, "ಮದಿ ಎಂತಕ್ ಬ್ಯಾಡ ಮಗಾ?" ಎಂದು ಕೇಳಿದರು.

"ಓದ್ ಮುಗಿಕ್. ಮತ್ತೆ ಮದಿ ಆದ್ ಕೂಡ್ಲೆ ಅಡ್ಗಿ ಮನಿಯಂಗೆ ಕೂರ್ಸಿ ಬಿಡ್ತ್ರ್ ಅಲ್ದಾ?"

"ಹೊಲುಕೆ ಬಿಡುವ ಮನಿ ಸಿಕ್ರೆ?"

"ಅಂಥ ಮನಿ ಸಿಕ್ರೆ ಕಾಂಬ" ಎಂದು ನಕ್ಕೆ. ಆಗ ಜಲಜಕ್ಕನ ಮಿಷನ್ ಸದ್ದು ನಿಂತಿತ್ತು. ದಾರ ತುಂಡಾಗಿರಬೇಕು ಎಂದುಕೊಂಡೆ.

ಆ ವಾರ ಒಂದು ಸಂಜೆಯೂ ಅವಳು ಟಿವಿ ಹಚ್ಚಲಿಲ್ಲ. ಕೇಳಿದರೆ, "ಗಿರಾಕಿ ಕೆಲ್ಸ ಮುಗೀಲಿ, ಮತ್ತ್ ಕಾಂಬ" ಎನ್ನುತ್ತಿದ್ದಳು. ರವಿಕೆಯ ಎಡತೋಳಿನ ಅಂಚು ಸುಕ್ಕಾಗಿತ್ತು. ಬಿಚ್ಚಲು ಹೊರಟರೆ, "ಇರ್ಲಿ ಬಿಡ್" ಎಂದಳು. ಜಲಜಕ್ಕನ ಬಾಯಲ್ಲಿ ಆ ಮಾತು ನಾನು ಮೊದಲು ಕೇಳಿದ್ದು ಅವತ್ತೇ.

ಭಾನುವಾರ ಅಮ್ಮ ಸೀರೆ ಉಟ್ಟುಕೋ ಎಂದಳು. ಅಪ್ಪಯ್ಯನ ಪರಿಚಯದವರು ಬಾರ್ಕೂರಿನಿಂದ ಚಹಾಕ್ಕೆ ಬರುತ್ತಾರಂತೆ. ತಟ್ಟೆ ಹಿಡಿದು ಜಗಲಿಗೆ ಬಂದೆ. ಬಟ್ಟೆಯನ್ನೇ ಮೊದಲು ನೋಡುವ ಚಾಳಿ ಅಷ್ಟರಲ್ಲಿ ನನಗೂ ಅಂಟಿತ್ತು. ರೇಷ್ಮೆ ಸೀರೆಯ ಸೆರಗಿನ ಕೆಳಗೆ ಗಿಳಿಹಸಿರು ರವಿಕೆ, ಎಡತೋಳಿನ ಅಂಚು ಸುಕ್ಕು. ಆಮೇಲೆ ಮುಖ ನೋಡಿದೆ. "ಗುರ್ತ್ ಸಿಕ್ತಾ ಮಗಾ?" ಎಂದು ಅವರು ನಕ್ಕರು. ಪಕ್ಕದಲ್ಲಿ ಅವರ ಮಗ ಕೂತಿದ್ದ.

ಅವರು ಹೋದ ಮೇಲೆ ಅಮ್ಮನ ಮೇಲೆ ಹಾರಿಬಿದ್ದೆ. ಓದು ಮುಗಿಯುವ ತನಕ ಎಂದು ಮಾತು ಕೊಟ್ಟಿದ್ದೆಯಲ್ಲ ಎಂದೆ. ಅಮ್ಮ ತಣ್ಣಗೆ, "ಹೊಲುಕೆ ಬಿಡುವ ಮನಿ ಸಿಕ್ರೆ ಕಾಂಬ ಅಂದದ್ ನೀನೇ ಅಲ್ದಾ? ನಾವ್ ಒತ್ತಾಯ ಮಾಡಿತ್ತಾ?" ಎಂದಳು. ನನ್ನ ಮಾತನ್ನೇ ತಂದು ನನ್ನ ಬಾಯಿಗೆ ತುರುಕಿದ್ದರು.

ಹೇಳದೆ ಕೇಳದೆ ಬಂದು ಹೆಣ್ಣು ನೋಡಿಕೊಂಡು ಹೋಗುವುದು ನಮ್ಮ ಕಡೆ ಹೊಸತಲ್ಲ. ಬಸ್ಸಿನಲ್ಲೂ ದೇವಸ್ಥಾನದಲ್ಲೂ ನೋಡುತ್ತಾರೆ. ಆದರೆ ಅವರಿಗೆ ಬಾಗಿಲು ತೆಗೆದು ನನ್ನ ಪಕ್ಕದಲ್ಲೇ ಸ್ಟೂಲು ಹಾಕಿ ಕೊಡುವವಳು ಜಲಜಕ್ಕ ಎಂದು ಕನಸಲ್ಲೂ ಎಣಿಸಿರಲಿಲ್ಲ. ಓಡಿಹೋಗಿ ಕೇಳಿದೆ.

"ಅವ್ರ್ ಯಾರ್ ಅಂದೇಳಿ ನಿಂಗ್ ಗೊತ್ತಿತ್ತಾ?"

ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಗೊತ್ತಿತ್ತ್."

"ಒಂದ್ ಮಾತ್ ಹೇಳುಕಾಯ್ಲಿಲ್ಯಾ?"

"ಹೇಳ್ರೆ ನೀ ಬಾಯಿ ಬಿಡ್ತಿರ್ಲಿಲ್ಲ. ನಿನ್ನಮ್ಮ ಕೈ ಮುಗ್ದ್ ಕೇಂಡ್ಲ್. ಒಳ್ಳೆ ಜನ ಹೆಣೆ, ನಾ ವಾರ ಇಡೀ ಕಂಡಿದೆ. ನನ್ ಮದಿಗ್ ಮುಂಚೆ ನನ್ ಗಂಡನ್ ಮನಿಯವ್ರ್ ಯಾರಾರೂ ಹೀಂಗೆ ಬಂದ್ ಕೂಕಂಡಿದ್ರೆ ನಾನೂ ಅವ್ರನ್ನ್ ಕಾಂತಿದ್ದೆ." ಅವಳ ಗಂಡ ಮದುವೆಯ ವರ್ಷವೇ ಮುಂಬೈಗೆ ಹೋದವನು ತಿರುಗಿ ಬಂದಿರಲಿಲ್ಲ.

"ನಾ ಅವ್ರನ್ನ್ ಕಂಡದ್ದಲ್ಲ ಜಲಜಕ್ಕ. ಗಿರಾಕಿಯನ್ನ್ ಕಂಡದ್."

ಆಮೇಲೆ ಎಷ್ಟೋ ವರ್ಷ ನಾನು ಆ ಮೆಟ್ಟಿಲು ಹತ್ತಲಿಲ್ಲ.

ಮದುವೆ ಆಯಿತು. ಅತ್ತೆ ಕೆಟ್ಟವರಲ್ಲ, ಹಾಗೆಂದರೆ ನಾಲಿಗೆ ಬಿದ್ದುಹೋದೀತು. ಬಾರ್ಕೂರಿನ ಮನೆಗೆ ಹೋಗುವಾಗಲೇ ಜಗಲಿಯಲ್ಲಿ ಹೊಸ ಹೊಲಿಗೆ ಮಿಷನ್ ಕಾದಿತ್ತು. ಓದು ಮುಗಿಯಬೇಕು ಎಂದು ನಾನು ಅಂದದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಅಮ್ಮನ ಮೇಲಿನ ಸಿಟ್ಟು ಬಾಣಂತನಕ್ಕೆ ಹೋದಾಗ ಇಳಿಯಿತು, ಅಮ್ಮನ ಮುಂದೆ ನಾನು ಮೊದಲಿನಿಂದಲೂ ಹುಷಾರಾಗಿಯೇ ಇದ್ದೆನಲ್ಲ. ಹುಷಾರಿಲ್ಲದೆ ಕೂತದ್ದು ಜಲಜಕ್ಕನ ಮುಂದೆ ಒಂದೇ. ಅದು ಇವತ್ತಿಗೂ ಉರಿಯುತ್ತದೆ.

ಅವಳನ್ನು ಕೊನೆಯ ಸಲ ನೋಡಿದ್ದು, ಅವಳು ಅಂಗಡಿ ಮುಚ್ಚಿ ಮುಂಬೈಗೆ ತಮ್ಮನ ಮನೆಗೆ ಹೊರಟಾಗ. ಅಲ್ಲೇ ತೀರಿಕೊಂಡಳು ಎಂದು ಆಮೇಲೆ ಸುದ್ದಿ ಬಂತು. ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದ್ದಳು. ಹೋಗಬಾರದು ಎಂದುಕೊಂಡವಳು ಹೋದೆ. ಬಾಗಿಲಲ್ಲೇ ನನ್ನ ರವಿಕೆ ನೋಡಿ, "ನೀನೇ ಹೊಲ್ದದ್ದಾ? ಲಾಯ್ಕ್ ಇತ್ತ್" ಎಂದಳು. ಆಮೇಲೆ ಟಿವಿ ಹಚ್ಚಿದಳು. ಕೋಟೆಯ ಬಾಗಿಲಲ್ಲಿ, ವ್ಯಾಪಾರಿಗಳ ಸಾಲಿನಲ್ಲಿ, ನಿಲುವಂಗಿ ತೊಟ್ಟ ನಮ್ಮ ಗಂಡು ನಿಂತಿದ್ದ.

"ಕಾಣ್, ನಾ ಒಳಗ್ ಹೋಯ್ಲಿಲ್ಲ. ಆಣೆ ಮಾಡಿದ್ದೆ ಅಲ್ದಾ? ನಡಿ ಈಗ, ಇಬ್ರೂ ಹೋಪ" ಎಂದು ಗೇಮಿನ ರಿಮೋಟನ್ನು ನನ್ನ ಕೈಗೆ ಕೊಟ್ಟಳು.

ಆಟದ ಮಾತು ಇಷ್ಟು ವರ್ಷ ಉಳಿಸಿಕೊಂಡಿದ್ದಳು ಪುಣ್ಯಾತ್ಗಿತ್ತಿ. ಬಾಗಿಲಿನ ಕಡೆ ಎರಡು ಹೆಜ್ಜೆ ನಿಧಾನ ನಡೆಸಿದೆ, ಆಮೇಲೆ ಓಡುವ ಗುಂಡಿ ಒತ್ತಿ ಹಿಡಿದೆ.

"ಓಡ್ಬೇಡ ಹೆಣೆ, ಓಡ್ಬೇಡ" ಎಂದು ಅವಳು ನನ್ನ ಮೊಣಕೈ ಹಿಡಿದಳು. ಗುಂಡಿ ಬಿಡಲಿಲ್ಲ ನಾನು. ಕಾವಲುಗಾರರು ತಿರುಗಿ ನೋಡಿದರು, ಸುತ್ತುಗಟ್ಟಿದರು, ನಿಲುವಂಗಿ ಕಿತ್ತು ಅವನನ್ನು ಹೊರಗೆ ದೂಡಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು.

ಜಲಜಕ್ಕ ಅದನ್ನೇ ನೋಡುತ್ತಾ ಕೂತಳು. "ಎಂತ ಬರ್ದಿರ್?" ಎಂದು ಕೇಳಿದಳು.

"ಮತ್ತೆ ಸಿಕ್ಕುದಿಲ್ಲ ಅಂದೇಳಿ ಬರ್ದಿರ್" ಎಂದೆ.