ಮರಳಿನ ನಡುವಿನ ಗೋಡಿನ ಗೆರೆ

ಬೆರಳುದ್ದದ ಒಂದು ಕಲ್ಲಿನ ತುಂಡು ನನ್ನ ಎರಡು ವರ್ಷದ ಕೆಲಸವನ್ನು ಹಾಳುಮಾಡುತ್ತದೆಂದು ಸಿಟ್ಟು ನೆತ್ತಿಗೇರಿತ್ತು. ಮೈಸೂರಿನ ಲ್ಯಾಬಿನಲ್ಲಿ ನನ್ನ ಸಂಶೋಧನೆ ಮರಳುಗಲ್ಲಿನ ಮೇಲೆ. ನೆಲದಾಳದ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ, ಮರಳುಗಲ್ಲಿನ ಕಣಗಳ ಸಂದಿಯಲ್ಲಿ ಅಡಗಿರುತ್ತದೆ. ಅಲ್ಲಿ ಅದು ಎಷ್ಟು ಸಲೀಸಾಗಿ ಹರಿದೀತು ಎಂದು ತಿಳಿಯಲು, ಎಣ್ಣೆಬಾವಿಯಿಂದ ಕೊರೆದು ತಂದ ಕಲ್ಲಿನಿಂದ ತುಂಡುಗಳನ್ನು ತೆಗೆದು ಅವುಗಳೊಳಗೆ ಗಾಳಿ ನುಗ್ಗಿಸಿ ಅಳೆಯುತ್ತಿದ್ದೆ. ಅಡ್ಡಡ್ಡಲಾಗಿ ಕೊರೆದ ನಲವತ್ತು ತುಂಡುಗಳಲ್ಲಿ ಗಾಳಿ ಸರಾಗವಾಗಿ ಹಾದಿತ್ತು, ಈ ಕಲ್ಲಿನಲ್ಲಿ ಎಣ್ಣೆಗೆ ಅಡ್ಡಿಯಿಲ್ಲ ಎಂದು ಬರೆದೂ ಆಗಿತ್ತು. ಮೇಲಿಂದ ಕೆಳಕ್ಕೆ ಕೊರೆದ ಈ ಒಂದರಲ್ಲಿ ಹೆಚ್ಚುಕಡಿಮೆ ಹಾಯಲೇ ಇಲ್ಲ. ಅದರ ಮೈಮೇಲೆ ಅಡ್ಡಕ್ಕೆ ಕೂದಲೆಳೆಯಂಥ ಎರಡು ಕಪ್ಪು ಗೆರೆಗಳಿದ್ದವು.

"ತುಂಡನ್ನ ಯಂತ್ರದಲ್ಲಿ ಕೂರಿಸೋವಾಗ ಏನೋ ಎಡವಟ್ಟು ಮಾಡಿದ್ದೀರಿ. ಇಷ್ಟು ತೆಳ್ಳಗಿನ ಗೆರೆ ಅಷ್ಟೊಂದು ತಡೆಯಲ್ಲ. ಅದನ್ನ ಬಿಟ್ಟುಬಿಡಿ," ಎಂದರು ಗೈಡ್.

ಮೂರು ಸಲ ಅಳೆದಿದ್ದೆ, ಮೂರು ಸಲವೂ ಅದೇ ಉತ್ತರ. ಸೋಮವಾರ ಪ್ರಬಂಧದ ಅಧ್ಯಾಯ ಒಪ್ಪಿಸಬೇಕಿತ್ತು. ಆ ತುಂಡನ್ನು ಬಿಟ್ಟರೆ ಸುಳ್ಳು ಬರೆದ ಹಾಗೆ. ಇಟ್ಟುಕೊಂಡರೆ ಅವರನ್ನು ಒಪ್ಪಿಸಬೇಕು, ಆದರೆ ನನಗೇ ನಂಬಿಕೆಯಿರಲಿಲ್ಲ. ತಲೆ ಕೆಟ್ಟು ಶನಿವಾರದ ಬಸ್ಸು ಹತ್ತಿ ಊರಿಗೆ ಹೋದೆ.

ಹಂಪಾಪುರದ ಹತ್ತಿರ ನಮ್ಮ ಹೊಲದ ಪಕ್ಕ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಮೇಲೆ ಬರೀ ಮರಳು. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾದರೂ ಹೊಲಕ್ಕೆ ಹೋದಾಗ ಅವ್ವನಿಗೆ ಒರತೆಯ ನೀರೇ ಆಗಬೇಕು. ಮರಳಲ್ಲಿ ಮೊಣಕೈ ಆಳ ಗುಂಡಿ ತೋಡಿ, ಒಸರಿದ ಮೊದಲ ಕಲಕು ನೀರನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಿ, ತಿಳಿಯಾಗುವ ತನಕ ಸುಮ್ಮನೆ ಕಾಯುತ್ತಾಳೆ. ಅವತ್ತೂ ಗುಂಡಿ ತೋಡಿಟ್ಟು ಹುಲ್ಲು ಕುಯ್ಯಲು ಹೋದಳು. ಕಾಯುವ ಜಾಯಮಾನ ನನ್ನದಲ್ಲ. ಇನ್ನಷ್ಟು ಆಳ ಮಾಡಿದರೆ ಬೇಗ ತುಂಬೀತೆಂದು ಕಳೆ ಕೀಳುವ ಕುರ್ಪಿ ತಗೊಂಡು ತಳಕ್ಕೆ ಚುಚ್ಚಿದೆ. ನಿಂತಿದ್ದ ನೀರೂ ಕಣ್ಣೆದುರೇ ಇಂಗಿಹೋಯಿತು.

ಅವ್ವ ಬಂದು ನೋಡಿದಳು. "ತಳ ಕೆದಕಿದ್ಯೇನೆ?"

"ನೀರು ಜಾಸ್ತಿ ಬರ್ಲಿ ಅಂತ ಕಣವ್ವ."

"ಓದಿದ್ದೀಯಂತೆ ಓದಿದ್ದೀಯ. ತಳದ ಗೋಡುಮಣ್ಣ ತೂತ್ ಮಾಡ್ಬುಟ್ಟಲ್ಲ. ನೀರು ಬರಾದು ಪಕ್ಕದಿಂದ ಕಣೆ, ತಳದಿಂದಲ್ಲ. ಆ ಗೋಡು ತಡ್ಕಂಡದೆ, ಅದುಕ್ಕೇ ನೀರು ನಿಂತದೆ."

ನಾನು ಗುಂಡಿಯ ಗೋಡೆಯನ್ನು ಕುರ್ಪಿಯಿಂದ ನೇರವಾಗಿ ಸವರಿದೆ. ಮೊಣಕೈ ಆಳದ ತನಕ ಮರಳು, ಅದರ ಕೆಳಗೆ ಚಪಾತಿಗಿಂತ ತೆಳ್ಳಗಿನ, ಅಂಟುಮಣ್ಣಿನಂಥ ಕಪ್ಪು ಗೋಡು, ಮತ್ತೆ ಮರಳು. ಹಳ್ಳ ಜೋರಾಗಿ ಹರಿದಾಗ ಮರಳು ತಂದಿದೆ, ನೀರು ನಿಂತಾಗ ನುಣ್ಣನೆಯ ಗೋಡು ಕೂತಿದೆ. ನನ್ನ ಕಲ್ಲೂ ಒಂದು ಕಾಲಕ್ಕೆ ಹೊಳೆಯ ತಳವೇ ತಾನೇ? ಅದರ ಕಪ್ಪು ಗೆರೆಗಳೂ ಇಂಥದೇ ಗೋಡು. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ನಂಬಿದ್ದು ಮಾತ್ರ ಆವತ್ತು. ಕೆಸರು ಕೈಯಲ್ಲೇ ಅವ್ವನನ್ನು ತಬ್ಬಿಕೊಂಡೆ. "ಥೂ, ಸೀರೆ" ಎಂದು ತಳ್ಳಿದಳು.

ಸೋಮವಾರ ಬೆಳಿಗ್ಗೆ, ಆ ತುಂಡನ್ನು ತೆಗೆದಿದ್ದ, ಉದ್ದಕ್ಕೆ ಸೀಳಿಟ್ಟಿದ್ದ ಕಲ್ಲನ್ನು ಮೇಜಿನ ಮೇಲಿಟ್ಟು ಗೈಡ್ ಅವರನ್ನು ಕರೆದೆ. ಗೆರೆಯ ಪಕ್ಕದಲ್ಲಿ ಪಿಪೆಟ್‌ನಿಂದ ಒಂದು ಹನಿ ನೀರು ಬಿಟ್ಟೆ. ಹನಿ ಪದರದ ಉದ್ದಕ್ಕೆ ಸರಸರನೆ ಹರಡಿತು, ಕಪ್ಪು ಗೆರೆ ಮುಟ್ಟಿದ ಕೂಡಲೇ ನಿಂತಿತು. ಅವರು ಪಿಪೆಟ್ ಕಿತ್ತುಕೊಂಡು ತಾವೇ ಆರೇಳು ಹನಿ ಬಿಟ್ಟರು. ಎಲ್ಲವೂ ಅಲ್ಲೇ ನಿಂತವು. ನನಗೆ ಕುಣಿಯುವಷ್ಟು ಖುಷಿ.

"ನಿಮ್ಮ ತುಂಡು ಸರಿಯಾಗಿದೆ," ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಉಳಿದ ನಲವತ್ತನ್ನ ಎಲ್ಲಿಂದ ತೆಗೆದಿರಿ?"

ಗೆರೆಯಿದ್ದ ಕಡೆ ಕೊರೆದರೆ ಕಲ್ಲು ಪುಡಿಯಾಗುತ್ತಿತ್ತು. ಆ ರಗಳೆಯೇ ಬೇಡವೆಂದು ಗೆರೆ ತಪ್ಪಿಸಿ, ಚೊಕ್ಕ ಮರಳಿರುವ ಕಡೆಯೇ ಕೊರೆದಿದ್ದೆ. ಎಣ್ಣೆಗೆ ಎಲ್ಲಿ ಅಡ್ಡಿಯೇ ಇಲ್ಲವೋ ಅಲ್ಲಿ ಮಾತ್ರ ಅಳೆದು, ಅಡ್ಡಿಯಿಲ್ಲ ಎಂದು ಬರೆದಿದ್ದೆ. ಹಾಗೆಂದು ಒಪ್ಪಿಕೊಂಡೆ.

"ಹಾಗಾದ್ರೆ ಮತ್ತೆ ಶುರು ಮಾಡಿ. ಈ ಸಲ ಗೆರೆ ಸೇರಿಸಿ, ಎರಡೂ ದಿಕ್ಕಿಗೆ."

ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. "ಅವ್ವ, ನನ್ ತುಂಡು ಸರಿ ಅಂತೆ. ಉಳಿದಿದ್ದೆಲ್ಲಾ ಮತ್ತೆ ಮಾಡ್ಬೇಕು. ಎರಡು ವರ್ಸದ್ದು."

"ಅದ್ಕೆ ಯಾಕೆ ಇಂಗೆ ನಗ್ತಾ ಇದ್ದೀಯೆ?" ಎಂದಳು ಅವ್ವ.